ಕುಕನೂರಿಗೆ ಹೋಗಿದ್ದೆ, ಗೋಶಾಲೆಯ ಲೆಕ್ಕ ಕೇಳಿ ಬಂದೆ

ಕುಕನೂರು ಎಂದ ಕೂಡಲೇ ನಮ್ಮ ಗದಗ, ಕೊಪ್ಪಳ ಕಡೆಯ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಮಹಾಮಾಯೆಯ ಗುಡಿ. ಇತಿಹಾಸ ಓದಿದವರಿಗೆ ಅದರ ಹತ್ತಿರದ ನವಲಿಂಗ ಗುಡಿ ನೆನಪಾಗುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ, ಅಂದರೆ ಒಂಬತ್ತನೇ ಶತಮಾನದಲ್ಲಿ, ಕಟ್ಟಿದ ಗುಡಿಗಳ ಗುಂಪು ಅದು. ಒಂಬತ್ತು ಲಿಂಗಗಳಿಗೆ ಒಂಬತ್ತು ಗರ್ಭಗುಡಿ. ಜಾತ್ರೆಯಲ್ಲಿ ಹೆಂಗಸರು ಒಬ್ಬರಿಗೊಬ್ಬರು ಮೈ ತಾಗಿಸಿ ಕೂತ ಹಾಗೆ ಕೂತಿವೆ. ಊರಲ್ಲೇ ಕಲ್ಲೇಶ್ವರ ಗುಡಿಯೂ ಇದೆ. ಹತ್ತು ಕಿಲೋಮೀಟರಿನೊಳಗೆ ಇಟಗಿ. ಅಲ್ಲಿಯ ಮಹಾದೇವ ದೇವಾಲಯವನ್ನು ೧೧೧೨ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅದನ್ನು ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಹೊಗಳಿದೆ.

ಈ ಊರು ೧೯೯೭ರ ವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಆ ವರ್ಷ ಕೊಪ್ಪಳ ಹೊಸ ಜಿಲ್ಲೆಯಾಯಿತು. ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಕುಕನೂರು ಈಗ ತಾನೇ ಒಂದು ತಾಲ್ಲೂಕಾಗಿದೆ. ೨೦೨೫ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲು ಶುರುವಾದ ಮೇಲಂತೂ ಗದಗಿನಲ್ಲಿ ಹತ್ತಿ ತಳಕಲ್ಲು ದಾಟಿದರೆ ಕುಕನೂರು ಬಂದೇಬಿಟ್ಟಿತು. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿರುವ ತಾಯಂದಿರಿಗೆ ಇದು ಎಷ್ಟು ದೊಡ್ಡ ಸುಖ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ನಮ್ಮಕ್ಕನನ್ನು ಕೊಟ್ಟ ಊರು ಕುಕನೂರು. ಹೀಗಾಗಿ ನನಗೆ ವರ್ಷಕ್ಕೆ ಒಂದೆರಡು ಸಲ ಹೋಗುವ ರೂಢಿ. ಗುಡಿಗಳ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ಈ ಸಲದ ಪ್ರಯಾಣದಲ್ಲಿ ನಾನು ಗುಡಿಗಿಂತ ಹೆಚ್ಚು ಹೊತ್ತು ಕಳೆದದ್ದು ದನದ ಕೊಟ್ಟಿಗೆಯಲ್ಲಿ, ಆಮೇಲೆ ಒಂದು ಗೋಶಾಲೆಯಲ್ಲಿ. ಸೋದರಿಯರೇ, ಅದರ ಮಾತನ್ನೇ ಇಲ್ಲಿ ಹೇಳುತ್ತೇನೆ. ಯಾಕೆಂದರೆ ಇದು ಕುಕನೂರಿನ ಕಥೆಯಷ್ಟೇ ಅಲ್ಲ, ನಿಮ್ಮ ಊರಿನ ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಓಡಾಡುವ ದನಗಳ ಕಥೆಯೂ ಹೌದು.

ಅಕ್ಕನ ಮನೆಯ ಮುದಿ ಎತ್ತು

ಅಕ್ಕನ ಮನೆಯಲ್ಲಿ ಎರಡು ಎತ್ತುಗಳಿದ್ದವು. ಒಂದು ಹೋದ ವರ್ಷ ತೀರಿಕೊಂಡಿತು. ಉಳಿದದ್ದು ಬಸವ. ಅದಕ್ಕೆ ಹದಿನಾರು ವರ್ಷ ದಾಟಿದೆ, ಹಿಂಗಾಲು ಊರಲಾರದು. ಮೊದಲು ಕಾರಹುಣ್ಣಿಮೆಗೆ ಅದರ ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ಓಣಿಯಲ್ಲಿ ಮೆರೆಸುತ್ತಿದ್ದರು. ಈಗ ಹೊಲ ಹರಗುವುದು, ಬಿತ್ತುವುದು ಎಲ್ಲ ಬಾಡಿಗೆ ಟ್ರ್ಯಾಕ್ಟರಿನಲ್ಲೇ. ಜೋಡಿ ಇಲ್ಲದ ಎತ್ತು ಬಂಡಿಗೂ ಬರುವುದಿಲ್ಲ.

ಮಾಮಾ ಕೆಟ್ಟ ಮನುಷ್ಯರಲ್ಲ. ಆದರೆ ಅವರಿಗೂ ಅರವತ್ತೈದಾಯಿತು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಮಳೆ ಕೈಕೊಟ್ಟ ವರ್ಷ ಜೋಳದ ಕಣಕಿಗೂ ಬಂಗಾರದ ಬೆಲೆ. ೨೦೨೩ರ ಬರ ನಿಮಗೆಲ್ಲ ನೆನಪಿರಬೇಕು. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತ ಎಂದು ಸಾರಿದ ವರ್ಷ ಅದು. ಆ ಬೇಸಿಗೆಯಲ್ಲಿ ಅಕ್ಕ ತನ್ನ ಕೈಬಳೆ ಅಡವಿಟ್ಟು ಮೇವು ಕೊಂಡಿದ್ದಳು. ಈ ಸಲ ನಾನು ಹೋದಾಗ ಮಾಮಾ ಊಟಕ್ಕೆ ಕೂತಲ್ಲೇ ಮಾತು ತೆಗೆದರು.

"ತಂಗೀ, ಅದನ್ನ ಗೋಶಾಲಿಗೆ ಬಿಟ್ಟು ಬರೂಣಂತ ಮಾಡೇನಿ. ಮಾರೂ ಹಂಗಿಲ್ಲ, ಸಾಕೂ ಶಕ್ತಿ ಇಲ್ಲ. ನಿಮ್ಮಕ್ಕ ಅಳತಾಳ."

ಅಕ್ಕ ಏನೂ ಮಾತಾಡಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು.

ಮಾಮಾ ಹೇಳಿದ 'ಮಾರೂ ಹಂಗಿಲ್ಲ' ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ೧೯೬೪ರ ಹಳೆಯ ಕಾಯಿದೆಯಲ್ಲಿ ಹನ್ನೆರಡು ವರ್ಷ ದಾಟಿದ ಇಲ್ಲವೇ ದುಡಿಯಲಾರದ ಎತ್ತನ್ನು ಕಸಾಯಿಖಾನೆಗೆ ಕೊಡಲು ಅನುಮತಿ ಸಿಗುತ್ತಿತ್ತು. ೨೦೨೧ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ಕಡಿಯಲು ಕೊಡುವಂತಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಈ ಕಾಯಿದೆ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಆ ವಾದ ಇಲ್ಲಿ ಬೇಡ. ಕಾಯಿದೆ ಬಂದ ಮೇಲೆ ಮುದಿ ಎತ್ತಿನ ಮುಂದೆ ಮೂರೇ ದಾರಿ ಉಳಿದವು. ಸಾಯುವ ತನಕ ಯಜಮಾನನ ಮನೆ, ಇಲ್ಲವೇ ಗೋಶಾಲೆ, ಇಲ್ಲವೇ ಬೀದಿ. ಮೊದಲನೆಯದು ಬಡವರಿಗೆ ಕಷ್ಟ. ಎರಡನೆಯದು ಗಟ್ಟಿಯಾಗಿ ಇಲ್ಲದಿದ್ದರೆ ಎಲ್ಲವೂ ಮೂರನೆಯದಕ್ಕೇ ಬಂದು ನಿಲ್ಲುತ್ತವೆ. ೨೦೧೯ರ ಜಾನುವಾರು ಗಣತಿಯಲ್ಲೇ ದೇಶದಲ್ಲಿ ಬೀಡಾಡಿ ದನಗಳು ಸುಮಾರು ೫೦ ಲಕ್ಷ ಎಂದು ಲೆಕ್ಕ ಸಿಕ್ಕಿತ್ತು.

ಕೊಂಡವಾಡ ಬೇರೆ, ಗೋಶಾಲೆ ಬೇರೆ

ನಾವು ಸಣ್ಣವರಿದ್ದಾಗ ಊರೂರಿಗೂ ಒಂದು ಕೊಂಡವಾಡ ಇರುತ್ತಿತ್ತು. ಮೈಸೂರು ಕಡೆ ಅದನ್ನು ದೊಡ್ಡಿ ಅನ್ನುತ್ತಾರೆ. ಹೊಲಕ್ಕೆ ನುಗ್ಗಿದ ದನವನ್ನು ಹಿಡಿದು ಅಲ್ಲಿ ಕೂಡಿ ಹಾಕುವುದು, ಯಜಮಾನ ಬಂದು ದಂಡ ಮತ್ತು ಮೇವಿನ ಖರ್ಚು ಕೊಟ್ಟು ಬಿಡಿಸಿಕೊಂಡು ಹೋಗುವುದು. ಇಂಗ್ಲಿಷರು ೧೮೭೧ರಲ್ಲಿ ಇದಕ್ಕೊಂದು ಕಾಯಿದೆಯನ್ನೇ ಮಾಡಿದ್ದರು. ಏಳು ದಿನದಲ್ಲಿ ಯಾರೂ ಬರದಿದ್ದರೆ ನೋಟೀಸು ಹಚ್ಚಬೇಕು, ಮತ್ತೆ ಏಳು ದಿನ ಕಾಯಬೇಕು, ಆಗಲೂ ಬರದಿದ್ದರೆ ಲಿಲಾವು ಮಾಡಬೇಕು.

ಸರ್ಕಾರಕ್ಕೆ ಕೊಂಡವಾಡ ಭಾರವಾಗಲಿಲ್ಲ. ದನಕ್ಕೆ ಬೆಲೆಯಿತ್ತು, ಯಜಮಾನ ಓಡಿಬರುತ್ತಿದ್ದ. ಅವನು ಕೊಟ್ಟ ದುಡ್ಡಿನಲ್ಲೇ ಮೇವಿನ ಖರ್ಚು ಹುಟ್ಟುತ್ತಿತ್ತು. ಇಂದಿನ ಗೋಶಾಲೆಗೆ ಬರುವುದು ಯಾರೂ ಬಿಡಿಸಿಕೊಂಡು ಹೋಗದ ದನ. ಹಾಲು ಬತ್ತಿದ ಹಸು, ಕಾಲು ಮುರಿದ ಎತ್ತು, ಯಾರಿಗೂ ಬೇಡವಾದ ಜರ್ಸಿ ಹೋರಿಗರು. ಅಲ್ಲಿ ದುಡ್ಡು ಹೊರಗೆ ಹೋಗುವುದೇ ಹೊರತು ಒಳಗೆ ಬರುವುದಿಲ್ಲ. ಸಗಣಿಯಿಂದ ಗೊಬ್ಬರ ಮಾಡಿ ಮಾರಬಹುದು ನಿಜ. ಗೊಬ್ಬರದ ದುಡ್ಡಿನಲ್ಲಿ ಮೇವು ಕೊಳ್ಳುವುದೆಂದರೆ ಹಳೇ ಪೇಪರು ಮಾರಿ ರೇಷನ್ ತಂದ ಹಾಗೆ.

ಇನ್ನೊಂದು ಗೊಂದಲವನ್ನೂ ತಿಳಿಯಾಗಿಸಿಬಿಡುತ್ತೇನೆ. ಬರಗಾಲದಲ್ಲಿ ಸರ್ಕಾರ ಅಲ್ಲಲ್ಲಿ ತೆರೆಯುವ ಗೋಶಾಲೆ ಬೇರೆ. ರೈತರು ದನ ಹೊಡೆದುಕೊಂಡು ಹೋಗಿ ಮಳೆ ಬರುವ ತನಕ ಅಲ್ಲಿಟ್ಟು ವಾಪಸು ತರುತ್ತಾರೆ. ನಾನು ಹೇಳುತ್ತಿರುವುದು ವರ್ಷವಿಡೀ ನಡೆಯಬೇಕಾದ ಸರ್ಕಾರಿ ಗೋಶಾಲೆ. ಹೊಸ ಕಾಯಿದೆ ಬಂದ ಮೇಲೆ ಜಿಲ್ಲೆಗೊಂದು ಎಂದು ಇವನ್ನು ಮಾಡಲು ಹೊರಟರು. ೨೦೨೨ರ ಮಾರ್ಚಿನ ಬಜೆಟ್ಟಿನಲ್ಲಿ ೩೧ ಇದ್ದದ್ದನ್ನು ೧೦೦ಕ್ಕೆ ಏರಿಸುತ್ತೇವೆ, ಅದಕ್ಕೆ ೫೦ ಕೋಟಿ ರೂಪಾಯಿ ಎಂದು ಘೋಷಿಸಿದರು. ನೂರರ ಮಾತು ನೂರಕ್ಕೆ ಮುಟ್ಟಲಿಲ್ಲ.

"ಜಾಗ ಐತ್ರಿ, ಮೇವಿಲ್ಲ"

ಬಸವನನ್ನು ಕರೆದೊಯ್ಯುವ ಮೊದಲು ವಿಚಾರಿಸಿ ಬರೋಣ ಅಂತ ಮಾಮಾ ಮತ್ತು ನಾನು ಒಂದು ಟಂಟಂ ಮಾಡಿಕೊಂಡು ಹೊರಟೆವು. ಹೋದದ್ದು ಯಾವ ಗೋಶಾಲೆ, ಯಾವ ಊರು ಎಂದು ಬರೆಯುವುದಿಲ್ಲ. ಅಲ್ಲಿ ದುಡಿಯುವ ಬಡವರಿಗೆ ತೊಂದರೆಯಾಗಬಾರದು.

ತಗಡಿನ ಛಾವಣಿಯ ಉದ್ದನೆಯ ಶೆಡ್ಡು, ಸಿಮೆಂಟಿನ ಗ್ವಾದಲಿ, ನೀರಿನ ತೊಟ್ಟಿ. ಕಟ್ಟಡಕ್ಕೆ ಕಡಿಮೆ ಮಾಡಿರಲಿಲ್ಲ. ಸುತ್ತಲೂ ತಂತಿ ಬೇಲಿ, ಬಾಗಿಲಿಗೆ ದೊಡ್ಡ ಬೋರ್ಡು. ಅರ್ಧ ಶೆಡ್ಡು ಖಾಲಿ ಇತ್ತು. ಉಳಿದರ್ಧದಲ್ಲಿ ದನಗಳು ಸುಮ್ಮನೆ ನಿಂತಿದ್ದವು. ನಾವು ಹತ್ತಿರ ಹೋದೊಡನೆ ಎಲ್ಲವೂ ಒಟ್ಟಿಗೆ ತಲೆಯೆತ್ತಿದವು. ಮನೆಯಲ್ಲಿ ದನ ಕಟ್ಟಿದವರಿಗೆ ಅದರ ಅರ್ಥ ಗೊತ್ತಾಗುತ್ತದೆ. ಹೊಟ್ಟೆ ತುಂಬಿದ ದನ ಮೆಲುಕು ಹಾಕುತ್ತಾ ಮಲಗಿರುತ್ತದೆ, ಬಂದವರನ್ನು ನೋಡುವುದಿಲ್ಲ.

ಮೇವು ಹಾಕುವ ಹುಡುಗ ಒಳ್ಳೆಯವನು. ಕುಡಿಯಲು ನೀರು ಕೊಟ್ಟು, "ಅಕ್ಕಾರ, ಜಾಗ ಐತ್ರಿ, ಮೇವಿಲ್ಲ," ಅಂದ. "ಮ್ಯಾಲಿನ ರೊಕ್ಕ ಬಂದು ನಾಕು ತಿಂಗಳಾತ್ರಿ. ಮೇವಿನ ಅಂಗಡ್ಯಾಂವ ಇನ್ನ ಉದ್ರಿ ಕೊಡಂಗಿಲ್ಲ ಅಂದಾನ. ಹೊಸಾ ದನ ತೊಗೊಬ್ಯಾಡ ಅಂತ ಹೇಳ್ಯಾರ."

"ಮತ್ತ ಮುಂದ?" ಅಂತ ಮಾಮಾ ಕೇಳಿದರು.

"ಯಾವುದೋ ಟ್ರಸ್ಟಿಗೆ ಕೊಡ್ತಾರಂತ ಸುದ್ದಿ ಐತ್ರೀ ಯಜಮಾನ್ರ. ಒಂದಿನ ಕಾರಿನ್ಯಾಗ ಬಂದು ನೋಡಿಕೊಂಡು ಹ್ವಾದ್ರು."

"ಕೊಟ್ಟರ ಒಳ್ಳೇದಲ್ಲೇನಪಾ?" ಅಂತ ನಾನು ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನಗ ಯಾರ ಕೊಟ್ಟರೂ ಪಗಾರ ಪಗಾರರೀ ಅಕ್ಕಾರ. ಇವಕ್ಕೂ ಯಾರ ಹಾಕಿದರೂ ಮೇವು ಮೇವ. ಆದರ ಬಂದಾವ್ರು ಮೊದಲ ಕೇಳಿದ್ದು, ಇದರಾಗ ಹಾಲು ಕೊಡೂವು ಎಷ್ಟು ಅಂತ."

ಟಂಟಂನಲ್ಲಿ ಬರುವಾಗ ದಾರಿಯುದ್ದಕ್ಕೂ ಮಾಮಾ ಮಾತಾಡಲಿಲ್ಲ. ಮನೆಗೆ ಬಂದು ಬಸವನ ಮುಂದೆ ಒಂದು ಕಟ್ಟು ಕಣಕಿ ಬಿಚ್ಚಿ ಹಾಕಿ, "ಇರಲಿ ಬಿಡು, ನಾವಿರೂತನಕ," ಅಂದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆದರೆ ಮೇವಿನ ಖರ್ಚು ಅವರ ತಲೆಯ ಮೇಲೇ ಉಳಿಯಿತು. ಮುಂದಿನ ಬರಕ್ಕೆ ಅಡವಿಡಲು ಅಕ್ಕನ ಹತ್ತಿರ ಇನ್ನು ಬಳೆಯಿಲ್ಲ.

ಒಂದು ದನಕ್ಕೆ ದಿನಕ್ಕೆಷ್ಟು?

ನಾವು ಗೃಹಿಣಿಯರು. ತಿಂಗಳ ಸಾಮಾನಿನ ಪಟ್ಟಿ ಹಿಡಿದು ಲೆಕ್ಕ ಹಾಕುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅದೇ ರೀತಿ ಗೋಶಾಲೆಯ ಲೆಕ್ಕವನ್ನೂ ಒಮ್ಮೆ ನೋಡೋಣ.

ಬರಗಾಲದಲ್ಲಿ ದನದ ಶಿಬಿರ ನಡೆಸಲು ಕೇಂದ್ರ ಸರ್ಕಾರ ೨೦೨೨ರಲ್ಲಿ ನಿಗದಿ ಮಾಡಿದ ದರ ದೊಡ್ಡ ದನಕ್ಕೆ ದಿನಕ್ಕೆ ೮೦ ರೂಪಾಯಿ, ಸಣ್ಣದಕ್ಕೆ ೪೫. ೮೦ರಂತೆ ವರ್ಷಕ್ಕೆ ೨೯,೨೦೦ ಆಗುತ್ತದೆ. ನೂರು ದನ ಇದ್ದರೆ ೨೯ ಲಕ್ಷ ೨೦ ಸಾವಿರ.

ಈಗ ಬರುವ ದುಡ್ಡು ನೋಡಿ. ೨೦೨೨ರಲ್ಲಿ 'ಪುಣ್ಯಕೋಟಿ ದತ್ತು ಯೋಜನೆ' ಎಂದು ತಂದರು. ಯಾರು ಬೇಕಾದರೂ ವರ್ಷಕ್ಕೆ ೧೧,೦೦೦ ರೂಪಾಯಿ ಕಟ್ಟಿ ಗೋಶಾಲೆಯ ಒಂದು ದನವನ್ನು ದತ್ತು ತೆಗೆದುಕೊಳ್ಳಬಹುದು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ೧೧ ಹಸುಗಳನ್ನು ದತ್ತು ಪಡೆದರು. ಚಿತ್ರನಟ ಸುದೀಪ್ ಜಿಲ್ಲೆಗೊಂದರಂತೆ ೩೧ ಹಸು ಪಡೆದರು. ಸರ್ಕಾರಿ ನೌಕರರಿಂದಲೂ ಎ ದರ್ಜೆಯವರಿಗೆ ೧೧,೦೦೦, ಬಿ ದರ್ಜೆಗೆ ೪,೦೦೦, ಸಿ ದರ್ಜೆಗೆ ೪೦೦ ರೂಪಾಯಿಯಂತೆ ವಂತಿಗೆ ಎತ್ತುವ ನಿರ್ಧಾರವಾಯಿತು. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ೧೧,೦೦೦ವನ್ನು ೩೬೫ ದಿನಕ್ಕೆ ಭಾಗಿಸಿದರೆ ದಿನಕ್ಕೆ ೩೦ ರೂಪಾಯಿ ಬೀಳುತ್ತದೆ. ದನ ತಿನ್ನುವುದು ೮೦ರದು. ಉಳಿದ ೫೦ ರೂಪಾಯಿ ಎಲ್ಲಿಂದ? ದತ್ತು ಪಡೆದವರು ಎರಡನೇ ವರ್ಷ ಮರೆತರೆ ಆ ೩೦ ಕೂಡ ಎಲ್ಲಿಂದ?

ಉತ್ತರ ಪ್ರದೇಶದ ಸರ್ಕಾರ ಇಂಥ ದನಗಳಿಗೆ ದಿನಕ್ಕೆ ೩೦ ರೂಪಾಯಿ ಕೊಡುತ್ತಿತ್ತು, ಸಾಲದೆಂದು ೨೦೨೩ರಲ್ಲಿ ೫೦ಕ್ಕೆ ಏರಿಸಿತು. ಅಂದರೆ ಈ ಕಷ್ಟ ನಮ್ಮದೊಂದೇ ಅಲ್ಲ. ೨೦೨೫ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಗಳ ಮೇಲೆ ತಿರುಗುವ ದನಗಳನ್ನು ಹಿಡಿದು ಗೋಶಾಲೆಗಳಿಗೆ ಸೇರಿಸಬೇಕೆಂದು ಆಜ್ಞೆ ಮಾಡಿತು. ಸೇರಿಸುವವರು ಸೇರಿಸುತ್ತಾರೆ. ಮರುದಿನ ಬೆಳಿಗ್ಗೆ ಗ್ವಾದಲಿಗೆ ಮೇವು ಬೀಳಬೇಕಲ್ಲ?

ಖರ್ಚು ಉಳಿಸಲು ಹೋದ ಹಳೆಯ ಕಥೆ

ಸರ್ಕಾರ ದನ ಸಾಕುವುದು, ಖರ್ಚು ಹೆಚ್ಚಾಯಿತೆಂದು ಕೈಬಿಡುವುದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಅರಮನೆಯ ದನದ ಇಲಾಖೆಯಿತ್ತು. ಟಿಪ್ಪು ಸುಲ್ತಾನ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಆ ಎತ್ತುಗಳು ತೋಪಿನ ಗಾಡಿ ಎಳೆಯುವುದರಲ್ಲಿ ಹೆಸರಾಗಿದ್ದವು. ಮುಂದೆ ಇಂಗ್ಲಿಷರು ಅವನ್ನು ತಮ್ಮ ಸೈನ್ಯಕ್ಕೆ ಇಟ್ಟುಕೊಂಡರು. ೧೮೬೦ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಟ್ರೆವೆಲಿಯನ್ ಸಾಹೇಬರ ಕಾಲದಲ್ಲಿ ಮಿತವ್ಯಯದ ಹೆಸರಿನಲ್ಲಿ ಇಡೀ ಹಿಂಡನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಂತಾಯಿತು. ೧೮೬೬ರಲ್ಲಿ ಅದೇ ಸರ್ಕಾರ ಅಲ್ಲಿ ಇಲ್ಲಿ ಹುಡುಕಿ ದನ ಕೊಂಡು ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಅಜ್ಜಂಪುರದಲ್ಲಿ ಆ ತಳಿಯನ್ನು ಇಂದಿಗೂ ಸಾಕುತ್ತಿದ್ದಾರೆ.

ಅಮೃತಮಹಲಿನ ಎತ್ತಿಗೆ ಸೈನ್ಯದಲ್ಲಿ ಕೆಲಸವಿತ್ತು, ಆದ್ದರಿಂದ ಸರ್ಕಾರ ಹಿಂದಿರುಗಿ ಬಂತು. ನಮ್ಮ ಅಕ್ಕನ ಬಸವನಂಥ ಎತ್ತಿಗಾಗಿ ಯಾವ ಸರ್ಕಾರವೂ ಹುಡುಕಿಕೊಂಡು ಬರುವುದಿಲ್ಲ. ಅದಕ್ಕೇ ಕೈಬಿಡುವ ಮೊದಲೇ ನಾಲ್ಕು ಜನ ಕೂಡಿ ಯೋಚಿಸಬೇಕು.

ಖಾಸಗಿಯವರಿಗೆ ಕೊಟ್ಟರೆ?

ಟ್ರಸ್ಟಿಗೆ, ಮಠಕ್ಕೆ, ಸಂಘಕ್ಕೆ ಕೊಟ್ಟರೆ ಚೆನ್ನಾಗಿ ನಡೆಸುತ್ತಾರೆ ಎನ್ನುವವರು ಬಹಳ ಜನ. ಅದರಲ್ಲಿ ಸತ್ಯವೂ ಇದೆ. ರಾಜಸ್ಥಾನದ ಜೈಪುರದ ಹತ್ತಿರ ಹಿಂಗೋನಿಯಾ ಎಂಬ ಬಹಳ ದೊಡ್ಡ ಗೋಶಾಲೆಯಿದೆ. ಅದನ್ನು ಅಲ್ಲಿಯ ನಗರಪಾಲಿಕೆ ನಡೆಸುತ್ತಿತ್ತು. ೨೦೧೬ರ ಮಳೆಗಾಲದಲ್ಲಿ ಪಗಾರ ಸಿಗಲಿಲ್ಲವೆಂದು ಗುತ್ತಿಗೆ ಕೆಲಸಗಾರರು ಕೆಲಸ ನಿಲ್ಲಿಸಿದರು. ಸಗಣಿ ಎತ್ತುವವರಿಲ್ಲ, ಮೇವು ಹಾಕುವವರಿಲ್ಲ. ಕೆಸರಿನಲ್ಲಿ ಹೂತುಕೊಂಡ ಹಸುಗಳು ಮೇಲೇಳಲಾರದೆ ಹೋದವು. ಎರಡೇ ವಾರದಲ್ಲಿ ಐನೂರಕ್ಕೂ ಹೆಚ್ಚು ಸತ್ತವು. ದೇಶವೆಲ್ಲಾ ಛೀ ಎಂದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹರೇ ಕೃಷ್ಣ ಪಂಥದ ಸಂಸ್ಥೆಯೊಂದಕ್ಕೆ ಅದರ ಆಡಳಿತ ಒಪ್ಪಿಸಿದರು. ಆಡಳಿತ ಮಾತ್ರ ಒಪ್ಪಿಸಿದ್ದು. ದನದ ಲೆಕ್ಕದ ಮೇಲೆ ಪಾಲಿಕೆಯಿಂದ ಹಣ ಬರುವುದು ಮುಂದುವರಿಯಿತು. ಈ ಒಂದು ಅಂಶವನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ಕಡೆಯದನ್ನೂ ಹೇಳಬೇಕು. ದಿಲ್ಲಿಯ ಘುಮ್ಮನಹೇಡಾ ಎಂಬಲ್ಲಿ ಒಂದು ಟ್ರಸ್ಟು ನಡೆಸುತ್ತಿದ್ದ ಗೋಶಾಲೆಯಲ್ಲಿ ೨೦೧೮ರ ಜುಲೈನಲ್ಲಿ ಎರಡೇ ದಿನದಲ್ಲಿ ೩೬ ಹಸುಗಳು ಸತ್ತು ಬಿದ್ದಿದ್ದವು. ಅಲ್ಲಿ ನಡೆಸುತ್ತಿದ್ದವರು ಸರ್ಕಾರದವರಲ್ಲ.

ಹೀಗಾಗಿ ಸರ್ಕಾರ ನಡೆಸಿದರೆ ಹಾಳು, ಖಾಸಗಿಯವರು ನಡೆಸಿದರೆ ಪುಣ್ಯ ಎನ್ನುವುದೂ ಸುಳ್ಳು, ಅದರ ತಿರುಗುಮುರುಗೂ ಸುಳ್ಳು. ದನ ಸತ್ತದ್ದು ಮೇವಿನ ಹಣ, ಆಳಿನ ಪಗಾರ, ನೋಡುವವರ ಕಣ್ಣು, ಈ ಮೂರರಲ್ಲಿ ಒಂದು ತಪ್ಪಿದಾಗ. ನಡೆಸುವ ಕೈ ಬದಲಾಗಬಹುದು. ಕೊಡುವ ಕೈ ಮತ್ತು ಎಣಿಸುವ ಕಣ್ಣು ಸರ್ಕಾರದ್ದೇ ಆಗಿರಬೇಕು. ಮಾರಬೇಡ ಎಂದು ಕಾಯಿದೆ ಮಾಡಿದವರು ಸಾಕುವ ಭಾರವನ್ನು ದಾನಿಗಳ ಮೇಲೆ ಹೊರಿಸಿ ಕೈತೊಳೆದುಕೊಂಡರೆ ಅದು ನ್ಯಾಯವಲ್ಲ. ದಾನ ಹುಣ್ಣಿಮೆ, ಅಮಾವಾಸ್ಯೆಗೆ ಬರುತ್ತದೆ. ಹೊಟ್ಟೆ ದಿನಾ ಹಸಿಯುತ್ತದೆ.

ನಿಮ್ಮ ಊರಿನ ಗೋಶಾಲೆಯನ್ನು ಯಾರಿಗಾದರೂ ಒಪ್ಪಿಸುವ ಮಾತು ಬಂದರೆ ಗ್ರಾಮಸಭೆಯಲ್ಲಿ, ಪಟ್ಟಣ ಪಂಚಾಯಿತಿಯಲ್ಲಿ, ನಿಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಈ ಪ್ರಶ್ನೆಗಳನ್ನು ಕೇಳಿ:

ಒಂದು, ದನವೊಂದಕ್ಕೆ ದಿನಕ್ಕೆ ಎಷ್ಟು ರೂಪಾಯಿ, ಅದು ಯಾವ ತಾರೀಖಿಗೆ ಬರುತ್ತದೆ? ಮೂರು ತಿಂಗಳಿಗಾಗುವಷ್ಟು ಮೇವು ಮೊದಲೇ ದಾಸ್ತಾನು ಇರುತ್ತದೆಯೇ?

ಎರಡು, ದನ ಎಣಿಸುವವರು ಯಾರು? ಈಗ ದನದ ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹಾಕುತ್ತಾರೆ. ಪುಸ್ತಕದಲ್ಲಿರುವ ನಂಬರು ಕೊಟ್ಟಿಗೆಯಲ್ಲಿರುವ ಕಿವಿಗೆ ಹೊಂದುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಲೇಬೇಕು.

ಮೂರು, ಹಾಲಿಲ್ಲದ್ದು, ಕುಂಟು, ಜರ್ಸಿ ಹೋರಿ ಎಂದು ಹಿಂದಕ್ಕೆ ಕಳಿಸಲು ಅವರಿಗೆ ಅಧಿಕಾರವಿದೆಯೇ? ಇದ್ದರೆ ಅದು ಡೇರಿಯಾದೀತು, ಗೋಶಾಲೆ ಆಗದು.

ನಾಲ್ಕು, ಸತ್ತ ದನದ ದಾಖಲೆ ಎಲ್ಲಿ? ಪಶುವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ?

ಐದು, ಊರಿನವರು ಒಳಗೆ ಹೋಗಿ ನೋಡಲು ಬಾಗಿಲು ತೆರೆದಿರುತ್ತದೆಯೇ?

ಇವು ದೊಡ್ಡ ಓದು ಬೇಕಾದ ಪ್ರಶ್ನೆಗಳಲ್ಲ. ಹಾಲಿನವನ ಲೆಕ್ಕ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡುವ ಯಾವ ಹೆಣ್ಣುಮಗಳಾದರೂ ಕೇಳಬಹುದು.

ಮನೆಯಲ್ಲೇ ಮಾಡಬಹುದಾದದ್ದು

ಬೀದಿಯ ದನಕ್ಕೆ ನಾವು ಮಾಡುವ ಉಪಕಾರ ಕೆಲವು ಸಲ ಅಪಕಾರವಾಗುತ್ತದೆ. ತರಕಾರಿ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಎಸೆದರೆ ದನ ಚೀಲದ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಕರಗುವುದಿಲ್ಲ, ಹೊಟ್ಟೆಯಲ್ಲೇ ಉಂಡೆಯಾಗಿ ಕೂತು ಮೇವಿಗೆ ಜಾಗವಿಲ್ಲದಂತೆ ಮಾಡುತ್ತದೆ. ಹೊಟ್ಟೆ ಉಬ್ಬಿದ ದನವನ್ನು ನೋಡಿ ಗಬ್ಬ ಎಂದುಕೊಳ್ಳುವವರೂ ಇದ್ದಾರೆ. ಆಪರೇಷನ್ ಮಾಡಿದರೆ ಕಿಲೋಗಟ್ಟಲೆ ಚೀಲ ಹೊರಬರುತ್ತದೆ. ನಮ್ಮ ರಾಜ್ಯ ೨೦೧೬ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿದೆ, ಆದರೂ ಸಂತೆಯಲ್ಲಿ ಸಿಗುತ್ತಲೇ ಇದೆ. ಬಟ್ಟೆಯ ಚೀಲ ಒಯ್ಯಿರಿ. ಸಿಪ್ಪೆಯನ್ನು ಬುಟ್ಟಿಯಲ್ಲಿಟ್ಟು ದನದ ಮುಂದೆ ಸುರಿದು, ಬುಟ್ಟಿ ವಾಪಸು ತನ್ನಿ.

ಮದುವೆ, ಮುಂಜಿವೆಯಲ್ಲಿ ಉಳಿದ ಅನ್ನ, ಹುಗ್ಗಿ, ಹೋಳಿಗೆಯನ್ನು ಬುಟ್ಟಿಗಟ್ಟಲೆ ದನಕ್ಕೆ ಹಾಕಬೇಡಿ. ಮೇವು ತಿನ್ನುವ ಹೊಟ್ಟೆಗೆ ಒಮ್ಮೆಲೇ ಅಷ್ಟು ಅನ್ನ ಬಿದ್ದರೆ ಒಳಗೆ ಹುಳಿಯೇರಿ, ಮೆಲುಕು ನಿಂತು, ದನ ಸತ್ತರೂ ಸಾಯಬಹುದು. ಒಂದು ಮುಷ್ಟಿ ಪರವಾಗಿಲ್ಲ. ಪುಣ್ಯ ಬೇಕಿದ್ದವರು ಒಂದು ಹೊರೆ ಒಣ ಮೇವು ಕೊಂಡು ಗೋಶಾಲೆಗೆ ಕಳಿಸಿ, ಕಳಿಸಿದ್ದನ್ನು ಅಲ್ಲಿಯ ಪುಸ್ತಕದಲ್ಲಿ ಬರೆಸಿ. ಮಕ್ಕಳ ಹುಟ್ಟುಹಬ್ಬಕ್ಕೆ ಕೇಕಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಒಂದು ದನದ ಮೂರು ನಾಲ್ಕು ದಿನ ಸಾಗುತ್ತದೆ. ಬೇಸಿಗೆಯಲ್ಲಿ ಮನೆಯ ಮುಂದೆ ಒಂದು ಕಲ್ಲುಬಾನಿಯಲ್ಲಿ ನೀರಿಡಿ. ದೊಡ್ಡ ದನಕ್ಕೆ ದಿನಕ್ಕೆ ನಾಲ್ಕೈದು ಕೊಡ ನೀರು ಬೇಕು.

ಮಣ್ಣೆತ್ತಿನ ಅಮಾವಾಸ್ಯೆಗೆ ನಾವೆಲ್ಲ ಮಣ್ಣಿನ ಎತ್ತು ಮಾಡಿ, ಜಗಲಿಯ ಮೇಲಿಟ್ಟು ಪೂಜಿಸಿ, ಹೋಳಿಗೆಯ ಎಡೆ ಹಿಡಿಯುತ್ತೇವೆ. ಅಂದೇ ಪೂಜೆ ಮುಗಿಸಿ ಓಣಿಯ ಹೆಂಗಸರು ಗುಂಪಾಗಿ ಹತ್ತಿರದ ಗೋಶಾಲೆಗೆ ಒಂದು ಸುತ್ತು ಹೋಗಿ ಬರಬಹುದಲ್ಲ? ವರ್ಷಕ್ಕೊಮ್ಮೆ ಹತ್ತು ಜನ ಹೆಂಗಸರು ಬಂದು ದನ ಎಣಿಸಿ, ಮೇವಿನ ಕೋಣೆ ಇಣುಕಿ ನೋಡುತ್ತಾರೆಂದು ಗೊತ್ತಾದರೆ, ನಡೆಸುವವರು ಯಾರೇ ಇರಲಿ, ಎಚ್ಚರದಿಂದಿರುತ್ತಾರೆ. ಅಕ್ಕನ ಓಣಿಯವರಿಗೆ ಈ ಮಾತು ಹೇಳಿ ಬಂದಿದ್ದೇನೆ. ಏಳು ಜನ ಹ್ಞೂಂ ಅಂದಿದ್ದಾರೆ.

ಹೋಗುವವರಿಗೆ

ಕುಕನೂರು ನೋಡಲು ಒಂದು ದಿನ ಸಾಕು, ಇಟಗಿಯೂ ಸೇರಿದರೆ ಬೆಳಿಗ್ಗೆ ಬೇಗ ಹೊರಡಬ
ೇಕು. ಮಾರ್ಚಿನಿಂದ ಮೇ ತನಕ ಬಿಸಿಲು ಜೋರು, ಕಲ್ಲಿನ ಮೇಲೆ ಬರಿಗಾಲಿಡಲಾಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಹೋಗುವುದು ಒಳ್ಳೆಯದು. ಆಗ ಎರಿ ಹೊಲದಲ್ಲಿ ಬಿಳಿಜೋಳ ಎದ್ದು ನಿಂತಿರುತ್ತದೆ, ನೋಡಲು ಕಣ್ಣಿಗೆ ತಂಪು. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋದರೆ ಊಟದ ಚಿಂತೆಯಿಲ್ಲ. ಗದಗಿನ ಕಡೆಯಿಂದ ಮೋಟಾರಿನಲ್ಲಿ ಹೋಗುವವರು ದಾರಿಯಲ್ಲಿ ಲಕ್ಕುಂಡಿಯನ್ನೂ ನೋಡಿಕೊಳ್ಳಬಹುದು. ನವಲಿಂಗ ಗುಡಿಯಲ್ಲಿ ಒಂಬತ್ತೂ ಗರ್ಭಗುಡಿ ಸುತ್ತಿ ಬನ್ನಿ, ಮಕ್ಕಳಿಗೆ ಎಣಿಸಲು ಹೇಳಿ. ಸಂತೆಯ ಹತ್ತಿರ ದನ ಕಂಡರೆ ಬಾಳೆಹಣ್ಣು ಕೊಡಿ, ಆದರೆ ಚೀಲ ಮಾತ್ರ ನಿಮ್ಮ ಕೈಯಲ್ಲೇ ಇರಲಿ.